ಎಡಗಿವಿ ಮುಚ್ಚಿಕೊಂಡಿದೆ, ಶಬ್ದ ಎಲ್ಲಿಂದ ಬರ್ತಿದೆ ಅಂತಾನೇ ಗೊತ್ತಾಗ್ತಿಲ್ಲ

ನಿದ್ದೆಗೇಡಿ:
ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಎಡಗಿವಿಗೆ ಹತ್ತಿ ತುರುಕಿದ ಹಾಗಿದೆ. ನೋವಿಲ್ಲ. ಬಲಗಿವಿ ಸರಿಯಾಗಿದೆಯಲ್ಲ, ಏನು ಮಹಾ ಅಂದುಕೊಂಡೆ. ಸಂಜೆ ಫೋನ್ ರಿಂಗಾಯಿತು. ಶಬ್ದ ಚೆನ್ನಾಗಿಯೇ ಕೇಳಿಸುತ್ತಿದೆ, ಎಲ್ಲಿಂದ ಅನ್ನೋದು ಮಾತ್ರ ತಿಳಿಯುತ್ತಿಲ್ಲ, ಮನೆಯೆಲ್ಲ ಸುತ್ತಿ ಬಂದು ನೋಡಿದರೆ ನಾನು ಕೂತಿದ್ದ ಕುರ್ಚಿಯ ಮೇಲೇ ಇತ್ತು! ರಸ್ತೆಯಲ್ಲಿ ಹಾರ್ನ್ ಯಾವ ಕಡೆಯದು ಅಂತ ಗೊತ್ತಾಗದೆ ಸುಮ್ನೆ ನಿಂತುಬಿಟ್ಟೆ. ಒಂದು ಕಿವಿ ಹೋದರೆ ಅರ್ಧ ಕಡಿಮೆ ಕೇಳಿಸಬೇಕು ಅಷ್ಟೇ ಅಲ್ವಾ? ನಾಲ್ಕು ದಿನ ನೋಡೋಣವಾ?

ಕಡ್ಡಿಪುಡಿ:
ನೋಡಬೇಡಿ, ಇವತ್ತೇ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ. ಬರೀ ಗುಗ್ಗೆ ಇರಬಹುದು. ಆದರೆ ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ಒಳಕಿವಿಯ ತೊಂದರೆಯೂ ಇರಬಹುದು, ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು, ತಡವಾದರೆ ಕೇಳುವುದು ವಾಪಸ್ ಬರುವುದು ಕಷ್ಟ. ನೋವಿಲ್ಲ ಅಂತ ಧೈರ್ಯ ತಗೋಬೇಡಿ. ಕಡ್ಡಿ, ಪಿನ್ನು ಹಾಕಿ ಕೆದಕಲೂ ಬೇಡಿ. (ಹೆಸರು ನೋಡಿ ನಗಬೇಡಿ.)

ಗೋಡೆಕಿವಿ:
ದಿಕ್ಕಿನ ವಿಷಯ ಹೇಳ್ತೀನಿ. ಎಡಗಡೆಯ ಶಬ್ದ ಎಡಗಿವಿಗೆ ಸ್ವಲ್ಪ ಮುಂಚೆ ಮುಟ್ಟುತ್ತದೆ, ಸ್ವಲ್ಪ ಜೋರಾಗಿಯೂ. ಬಲಗಿವಿಗೆ ತಲೆಯೇ ಅಡ್ಡ. ಈ ಸಮಯದ ಅಂತರ ಸೆಕೆಂಡಿನ 1000ನೇ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಮೆದುಳು ಅದನ್ನು ಹಿಡಿದು ದಿಕ್ಕು ಹೇಳುತ್ತದೆ. ಒಂದೇ ಕಿವಿ ಇದ್ದರೆ ಹೋಲಿಸೋಕೆ ಏನಿದೆ?

ಹಳೇ ರೇಡಿಯೋ:
ನಿಮಗೆ ಒಂದೇ ದಿನದಲ್ಲಿ ಗೊತ್ತಾಯಿತು. ನಮ್ಮಪ್ಪನಿಗೆ ವರ್ಷಗಟ್ಟಲೆ ಗೊತ್ತಾಗಲಿಲ್ಲ, ನಮಗೂ. "ಕೇಳಿಸುತ್ತೆ ಕಣೋ, ನೀವೇ ಬಾಯೊಳಗೆ ಮಾತಾಡ್ತೀರಿ" ಅನ್ನೋರು. ಅವರು ಹೇಳಿದ್ದು ಸುಳ್ಳೂ ಅಲ್ಲ. ವಯಸ್ಸಾದಂತೆ ಕೀರಲು ಶಬ್ದಗಳು ಮೊದಲು ಹೋಗುತ್ತವೆ. ಸ, ಶ ಎಲ್ಲ ಮಸುಕಾಗಿ ಅ, ಓ ಥರದ ಸ್ವರಗಳು ಉಳಿಯುತ್ತವೆ, ಹಾಗಾಗಿ ಮಾತು ಕೇಳಿಸುತ್ತದೆ, ಏನು ಅಂದದ್ದು ಅನ್ನೋದು ಗೊತ್ತಾಗಲ್ಲ. ಕೂಗಿದರೆ ಸ್ವರವೇ ಜೋರಾಗೋದು, ಅದರಿಂದ ಜಾಸ್ತಿ ಉಪಯೋಗ ಇಲ್ಲ. ಎದುರಿಗೆ ಕೂತು ನಿಧಾನಕ್ಕೆ ಮಾತಾಡಿದರೆ ತುಟಿ ನೋಡಿಕೊಂಡಾದರೂ ತಿಳಿಯುತ್ತದೆ. ನನಗೆ ಅನುಮಾನ ಬಂದದ್ದು ಒಂದು ದಿನ ಎಲ್ಲರೂ ಕೂತು ನಗುತ್ತಿದ್ದಾಗ. ಅಪ್ಪ ನಮ್ಮ ಮುಖ ನೋಡಿ, ನಾವು ನಕ್ಕ ಮೇಲೆ ನಗುತ್ತಿದ್ದರು.

ನಿದ್ದೆಗೇಡಿ:
ಹೋಗಿ ಬಂದೆ. ಗುಗ್ಗೆಯೇ! ತೆಗೆದ ಕೂಡಲೇ ನನ್ನ ಚಪ್ಪಲಿ ಸದ್ದೇ ಯಾರೋ ಹಿಂದೆ ಬರ್ತಿದ್ದಾರೆ ಅನ್ನೋ ಹಾಗೆ ಕೇಳಿಸಿತು. @ಹಳೇ ರೇಡಿಯೋ, ಅಪ್ಪ ಆಮೇಲೆ ಮಿಷನ್ ಹಾಕಿಕೊಂಡ್ರಾ?

ಹಳೇ ರೇಡಿಯೋ:
ಹಾಕಿಕೊಂಡರು. ಮೊದಲ ವಾರ ಪೇಪರ್ ಮಡಚಿದ ಸದ್ದಿಗೂ ಸಿಡುಕುತ್ತಿದ್ದರು, ಎರಡು ಸಲ ತೆಗೆದು ಡ್ರಾಯರಿಗೆ ಹಾಕಿದ್ದೂ ಆಯಿತು. ಈಗ ಪಕ್ಕದ ಕೋಣೆಯಲ್ಲಿ ಅವರ ಬಗ್ಗೆ ಮಾತಾಡೋಕೆ ನಮಗೇ ಭಯ.