ಪದಚರ್ಚೆ: ನ್ಯೂಡಿಬ್ರಾಂಕ್‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆ ಸಂಜೆಯೊಳಗೆ ಬೇಕು

ಕುವೆಂಪುನಗರದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ನನ್ನ ತಂಗಿ ಮಗಳು ಸ್ಕಾಟ್ಲೆಂಡಿನಲ್ಲಿದ್ದಾಳೆ. ರಜೆ ಸಿಕ್ಕಾಗಲೆಲ್ಲ ಅಲ್ಲಿನ ತಣ್ಣನೆ ಕಡಲಿನಲ್ಲಿ ಸ್ಕೂಬಾ ಡೈವಿಂಗ್ ಮಾಡಿ, ನೀರೊಳಗಿನ ಜೀವಿಗಳ ಫೋಟೋ ತೆಗೆದು, ಯಾವುದು ಏನು ಅಂತ ಹುಡುಕಿ ಹೆಸರು ಹಚ್ಚುತ್ತಾಳೆ. ಆ ಫೋಟೋಗಳನ್ನು ನಮ್ಮ ಬಡಾವಣೆಯ ಶಾಲೆಯಲ್ಲಿ ಪ್ರದರ್ಶನಕ್ಕೆ ಇಡುತ್ತಿದ್ದೇವೆ. ಪ್ರತಿ ಚಿತ್ರದ ಕೆಳಗೆ ಕನ್ನಡದ ಹೆಸರು ಇರಲೇಬೇಕು ಅಂತ ನನ್ನ ಹಠ. ಏಡಿ, ಕಡಲ ನಕ್ಷತ್ರ, ಲೋಳೆಮೀನು ಎಲ್ಲ ಆಯಿತು. ನಿಂತಿರುವುದು ನ್ಯೂಡಿಬ್ರಾಂಕ್ ಹತ್ತಿರ.

ಇದು ಬಸವನಹುಳುವಿನ ಬಳಗದ್ದು, ಆದರೆ ಚಿಪ್ಪಿಲ್ಲ. ಮರಿಯಾಗಿದ್ದಾಗ ಪುಟ್ಟ ಚಿಪ್ಪು ಇರುತ್ತದೆ, ಬೆಳೆಯುವಾಗ ಕಳಚಿಕೊಳ್ಳುತ್ತದೆ. ತಲೆಯ ಮೇಲೆ ಎರಡು ಕೊಂಬು, ನೀರಿನಲ್ಲಿ ವಾಸನೆ ಹಿಡಿಯುವುದು ಅವುಗಳಿಂದಲೇ. ಪ್ರಪಂಚದಲ್ಲಿ ಸುಮಾರು 3,000 ಬಗೆ ಇವೆ. ಫ್ಲೆಕ್ಸ್ ಅಂಗಡಿಯಲ್ಲಿ ಮೊದಲ ಪ್ರೂಫಿನಲ್ಲಿ 'ನ್ಯೂಡಿಬ್ರಾಂಚ್' ಅಂತ ಹಾಕಿದ್ದರು, ಬ್ಯಾಂಕಿನ ಶಾಖೆಯ ಹೆಸರಿನ ಥರ. ಅದಕ್ಕೇ ಕನ್ನಡದ ಪದ ಬೇಕು ಅಂತ ಇನ್ನೂ ಜಾಸ್ತಿ ಅನಿಸಿತು. ಹಾಗೆಯೇ 'ಡ್ರೈಸೂಟ್' ಗೂ ಏನಾದರೂ ಇದೆಯಾ? ಚಳಿಗಾಲದ ಕೊನೆಗೆ ಅಲ್ಲಿನ ನೀರು 6 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಅದಕ್ಕೆ ಒಳಗೆ ಬೆಚ್ಚನೆ ಬಟ್ಟೆ ಹಾಕಿ, ಮೇಲೆ ನೀರು ನುಗ್ಗದ ಈ ಉಡುಪು ತೊಡುತ್ತಾರೆ.

ಸರಸ್ವತಿಪುರಂನಿಂದ:

ಮೂಲ ಪದ ನೋಡಿ. ನ್ಯೂಡಸ್ ಎಂದರೆ ಬತ್ತಲೆ, ಬ್ರಾಂಕಿಯಾ ಎಂದರೆ ಕಿವಿರು. ಆದ್ದರಿಂದ ಅನಾವೃತಶ್ವಾಸಾಂಗಿ. 'ನಗ್ನಕಿವಿರು' ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. 'ಸಮುದ್ರಹುಳು' ಕೂಡ ಅಷ್ಟೇ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಬೇಡ ಎಂದದ್ದನ್ನು ಶಾಲೆಯ ಗೋಡೆಗೆ ಹಾಕಬೇಡಿ.

ಜಯಲಕ್ಷ್ಮೀಪುರಂನಿಂದ:

ಅನಾವೃತಶ್ವಾಸಾಂಗಿ! ಐದನೇ ಕ್ಲಾಸಿನ ಮಗು ಇದನ್ನು ಓದಿ ಮುಗಿಸುವುದರೊಳಗೆ ಪ್ರದರ್ಶನವೇ ಮುಗಿದಿರುತ್ತದೆ. ನಮ್ಮದೇ ಪದ ಇರುವಾಗ ಸಂಸ್ಕೃತದ ಮನೆಗೆ ಯಾಕೆ ಹೋಗಬೇಕು? ಬತ್ತಲೆ + ಕಿವಿರು = ಬತ್ತಲೆಗಿವಿರು. ಆದೇಶ ಸಂಧಿ, ಅರಿಸಮಾಸದ ಗೊಡವೆಯೂ ಇಲ್ಲ.

ಇನ್ನೊಂದು ಮಾತು. ಕಿವಿರು ಬಂದಿರುವುದು ಕಿವಿಯಿಂದ ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ. ತಮಿಳಿನಲ್ಲಿ ಸೆವಿ, ಸೆವುಳ್. ನಮ್ಮಲ್ಲಿ ಕಿವಿ, ಕಿವಿರು. ನಮ್ಮ ಕಕಾರ ಅಲ್ಲಿ ಚಕಾರ ಆಗುವುದು ಕೆಯ್–ಚೆಯ್ (ಎರಡೂ 'ಮಾಡು' ಅಂತ) ಜೋಡಿಯಲ್ಲೇ ಕಾಣುತ್ತದೆ. ಮೀನಿಗೆ ಕಿವಿ ಇರಬೇಕಾದ ಜಾಗದಲ್ಲಿ ಕಿವಿರು ಇದೆ, ನಮ್ಮ ಹಿರಿಯರು ನೋಡಿಯೇ ಹೆಸರಿಟ್ಟಿದ್ದಾರೆ. ಇದನ್ನು ಬಿಟ್ಟು ಶ್ವಾಸಾಂಗದ ಹಿಂದೆ ಹೋಗುವುದು ನನಗೆ ಬೇಸರದ ಸಂಗತಿ.

ವಿಜಯನಗರದಿಂದ:

ನಿರುಕ್ತ ಆಮೇಲೆ. ಅವರಿಗೆ ಬೋರ್ಡ್ ಬರೆಸಬೇಕು.

ಚಿಪ್ಪಿಲ್ಲ ಅನ್ನುವುದೇ ಮುಖ್ಯ ಅಲ್ವಾ? 'ಬೋಳುಬಸವ' ಅನ್ನಿ. ಚಿಕ್ಕದು, ನೆನಪಿನಲ್ಲಿ ಉಳಿಯುತ್ತದೆ. ಡ್ರೈಸೂಟನ್ನು ಡ್ರೈಸೂಟ್ ಅಂತಲೇ ಬಿಡಿ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ ಬಂದವರೂ ವೆಟ್‌ಸೂಟ್ ಅಂತಲೇ ಹೇಳುತ್ತಾರೆ. ನೀರು ಬೆಚ್ಚಗಿರುವ ಕಡಲಿನವರಿಗೆ ಡ್ರೈಸೂಟ್ ಬೇಕಾಗಲೇ ಇಲ್ಲ, ಹಾಗಾಗಿ ಪದವೂ ಹುಟ್ಟಲಿಲ್ಲ.

ಮಂಡ್ಯದಿಂದ:

ಬೋಳುಬಸವ ಆಗಲ್ಲ ಸ್ವಾಮಿ. ನಮ್ಮ ಕಡೆ ದನದ ವಿಷಯದಲ್ಲಿ ಬೋಳು ಅಂದರೆ ಕೊಂಬಿಲ್ಲದ್ದು. ಬೋಳೆತ್ತು ಅಂದರೆ ಸಂತೆಯಲ್ಲಿ ಯಾರೂ ಅದರ ಮೈಮೇಲೆ ಬಟ್ಟೆ ಇದೆಯಾ ಅಂತ ನೋಡಲ್ಲ, ತಲೆ ನೋಡುತ್ತಾರೆ. ಬಸವನಹುಳುವಿಗೆ ಆ ಹೆಸರು ಬಂದದ್ದೇ ಬಸವನ ಹಾಗೆ ಕೊಂಬಿದೆ ಅಂತ. ಬೋಳು ಅಂತ ಸೇರಿಸಿದರೆ ಇರುವ ಕೊಂಬನ್ನೂ ನಾವೇ ಕಿತ್ತ ಹಾಗಾಯಿತು. ಅಕ್ಕ, ನೀವೇ ಎರಡು ಕೊಂಬು ಇದೆ ಅಂತ ಬರೆದಿದ್ದೀರಿ.

ಕುವೆಂಪುನಗರದಿಂದ:

ಮಂಡ್ಯದವರ ಮಾತು ಸರಿಯಾದ ಜಾಗಕ್ಕೆ ಬಿದ್ದಿದೆ. ಕೊಂಬಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಪ್ರಾಣಿಯನ್ನು ಗುರುತಿಸುವಾಗ ಮೊದಲು ನೋಡುವ ಗುರುತುಗಳಲ್ಲಿ ಅದೂ ಒಂದು.

ಚೆಂದದ ಫೋಟೋ ಬೇರೆ, ಗುರುತು ಹಿಡಿಯಲು ಆಗುವ ಫೋಟೋ ಬೇರೆ ಅಂತ ನಮ್ಮ ಹುಡುಗಿ ಯಾವಾಗಲೂ ಹೇಳುತ್ತಾಳೆ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಕೊಂಬು ಸ್ಪಷ್ಟವಾಗಿ ಕಾಣುವ ಹಾಗೆ ಮುಂದಿನಿಂದ ಒಂದು ಬೇಕು. ಕೊಂಬು ನುಣ್ಣಗಿದೆಯೋ, ಸುತ್ತ ಉಂಗುರಗಳಿವೆಯೋ, ಬುಡದಲ್ಲಿ ಗೂಡಿದೆಯೋ ನೋಡಬೇಕು. ಅದು ಯಾವುದರ ಮೇಲೆ ಕೂತಿದೆ ಅನ್ನುವುದನ್ನೂ ಚಿತ್ರದಲ್ಲಿ ಬಿಡಬಾರದು. ಎಷ್ಟೋ ಸಲ ಅದು ಕೂತಿರುವುದು ತನ್ನ ಊಟದ ಮೇಲೇ. ಪಕ್ಕದಲ್ಲಿ ರಿಬ್ಬನ್ನಿನಂಥ ಮೊಟ್ಟೆಸಾಲು ಇದ್ದರೆ ಅದೂ ಒಂದು ಸುಳಿವು. ಇದೆಲ್ಲ ಆಗಬೇಕಾದದ್ದು ದಪ್ಪ ಗ್ಲೌಸ್ ಹಾಕಿದ ಕೈಯಲ್ಲಿ, ಕ್ಯಾಮೆರಾದ ಗುಂಡಿ ಸಿಕ್ಕಿತೋ ಇಲ್ಲವೋ ಅಂತ ಬೆರಳಿಗೇ ಗೊತ್ತಾಗದ ಚಳಿಯಲ್ಲಿ. ಹತ್ತು ಮೀಟರ್ ಆಳಕ್ಕೆ ಹೋದರೆ ಕೆಂಪು ಬಣ್ಣ ಹೆಚ್ಚುಕಡಿಮೆ ಕಾಣೆಯಾಗುತ್ತದೆ. ಬೂದು ಬಣ್ಣದ್ದು ಅಂದುಕೊಂಡ ಹುಳು ಫ್ಲ್ಯಾಶ್ ಬಿದ್ದ ಮೇಲೆ ಕಿತ್ತಳೆ ಬಣ್ಣದ್ದು ಅಂತ ತಿಳಿಯುತ್ತದೆ. ಫ್ಲ್ಯಾಶನ್ನು ನೇರ ಹೊಡೆದರೂ ಕಷ್ಟ, ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಚಿತ್ರದ ತುಂಬ ಬಿಳಿ ಚುಕ್ಕೆ. ಅದಕ್ಕೆ ಪಕ್ಕದಿಂದ ಬೆಳಕು ಕೊಡುತ್ತಾರೆ.

ಈಗ ಸರಸ್ವತಿಪುರಂನ ಮೇಷ್ಟ್ರಿಗೆ ಮತ್ತು ಜಯಲಕ್ಷ್ಮೀಪುರಂನವರಿಗೆ ಒಂದು ಮಾತು. ಬತ್ತಲೆಗಿವಿರು ಆಗಲಿ, ಶ್ವಾಸಾಂಗಿ ಆಗಲಿ, ಎರಡಕ್ಕೂ ಒಂದೇ ತೊಡಕು. ಡೋರಿಡ್ ಗುಂಪಿನವಕ್ಕೆ ಬೆನ್ನ ಹಿಂಭಾಗದಲ್ಲಿ ಕಿವಿರಿನ ಗೊಂಚಲು ನಿಜವಾಗಿ ಇದೆ. ಆದರೆ ಈಯೋಲಿಡ್ ಗುಂಪಿನವಕ್ಕೆ ಅಂಥ ಕಿವಿರು ಇಲ್ಲ. ಬೆನ್ನ ಮೇಲೆ ಎದ್ದ ಎಳೆಗಳೇ ಉಸಿರಾಟಕ್ಕೆ ನೆರವಾಗುತ್ತವೆ. ಅನಿಮೋನ್ ಎಂಬ, ಹೂವಿನಂತೆ ಕಾಣುವ ಕುಟುಕುವ ಕಡಲಜೀವಿಯನ್ನು ತಿನ್ನುವ ಬಗೆಗಳು ಅದರ ಕುಟುಕುವ ಕಣಗಳನ್ನು ಆ ಎಳೆಗಳ ತುದಿಯಲ್ಲೇ ಕೂಡಿಟ್ಟುಕೊಂಡು ತಮ್ಮ ರಕ್ಷಣೆಗೆ ಬಳಸುತ್ತವೆ. ಬೋರ್ಡಿನಲ್ಲಿ ಕಿವಿರು ಅಂತ ಬರೆದು ಕಿವಿರಿಲ್ಲದ ಪ್ರಾಣಿಯನ್ನು ತೋರಿಸಿದರೆ ಮಕ್ಕಳು ಕೇಳದೆ ಬಿಡುತ್ತಾರಾ?

ಸರಸ್ವತಿಪುರಂನಿಂದ:

ಪಾರಿಭಾಷಿಕ ಪದ ಪ್ರತಿಯೊಂದು ಪ್ರಾಣಿಗೂ ಹೊಂದಬೇಕಿಲ್ಲ, ವರ್ಗಕ್ಕೆ ಹೊಂದಿದರೆ ಸಾಕು. ಪಠ್ಯಪುಸ್ತಕದಲ್ಲಿ 'ಮೃದ್ವಂಗಿ' ಎಂದು ಓದುವ ಮಕ್ಕಳಿಗೆ ಇದು ಕಷ್ಟವೇ? ಕಷ್ಟ ಮಕ್ಕಳಿಗಲ್ಲ, ದೊಡ್ಡವರಿಗೆ.

ಗೋಕುಲಂನಿಂದ:

ಮೇಷ್ಟ್ರೇ, ಅರಿಸಮಾಸ ಅಂತ ಹೆದರಿಸುತ್ತೀರಿ. ನೀವೇ ಬಿಡಿಸಿದ ಆ ಮೂಲ ಪದ ಏನು? ನ್ಯೂಡಸ್ ಲ್ಯಾಟಿನ್, ಬ್ರಾಂಕಿಯಾ ಗ್ರೀಕಿನಿಂದ ಲ್ಯಾಟಿನ್‌ಗೆ ಸಾಲ ಬಂದದ್ದು. ಅವರು ಕೂಡಿಸಿಕೊಂಡು ಹಾಯಾಗಿದ್ದಾರೆ. ನಾವು ಮಾತ್ರ ಎರಡು ಅಡುಗೆಮನೆ ಮಾಡಿಕೊಂಡು ಕೂತಿದ್ದೇವೆ. ಮೇಜು, ಕುರ್ಚಿ, ಸಾಬೂನು, ತಾರೀಖು ಯಾವುದೂ ನಮ್ಮದಲ್ಲ. ಯಾವ ಮಗು ಅದರಿಂದ ಕನ್ನಡ ಮರೆಯಿತು? ನ್ಯೂಡಿಬ್ರಾಂಕ್ ಅಂತಲೇ ಹಾಕಿ, ನಾಲ್ಕು ಸಲ ಓದಿದರೆ ಅದೂ ಕನ್ನಡವೇ.

ಜಯಲಕ್ಷ್ಮೀಪುರಂನಿಂದ:

ಅದೇ ಹಳೆಯ ವಾದ. ಕುರ್ಚಿ ಬಂದದ್ದು ವಸ್ತುವಿನ ಜೊತೆ. ಜನ ಕೂತರು, ಹೆಸರನ್ನು ತಮ್ಮ ನಾಲಿಗೆಗೆ ತಿದ್ದಿಕೊಂಡರು. ಈಗ ಬರುತ್ತಿರುವುದು ವಸ್ತುವೂ ಅಲ್ಲ, ಬಳಕೆಯೂ ಅಲ್ಲ, ಬರೀ ಸ್ಪೆಲ್ಲಿಂಗು. ನಾವು ಹೆಸರಿಡುವ ಕೆಲಸವನ್ನೇ ಬಿಟ್ಟುಬಿಟ್ಟರೆ ಹೊಸದೆಲ್ಲ ಇಂಗ್ಲಿಷಿನಲ್ಲಿ, ಹಳೆಯದು ಮಾತ್ರ ಕನ್ನಡದಲ್ಲಿ ಉಳಿಯುತ್ತದೆ. ನನ್ನ ಸಿಟ್ಟು ಅದಕ್ಕೆ.

ಗೋಕುಲಂನಿಂದ:

ನೀವು ಬರೆದ 'ವಾದ' ಯಾವ ಊರಿನದು?

ಬೋಗಾದಿಯಿಂದ:

ಸಾಕು ಮಾಡಿ ಇಬ್ಬರೂ. ನಾನು ಮಂಗಳೂರಿನವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಕರಾವಳಿಯವರನ್ನು ಕೇಳಿ ಅಂತ ಯಾರಾದರೂ ಹೇಳುತ್ತೀರೇನೋ ಅಂತ ಕಾಯುತ್ತಿದ್ದೆ, ಒಬ್ಬರೂ ಹೇಳಲಿಲ್ಲ. ನಮ್ಮಲ್ಲಿ ಬಂಗುಡೆ, ಬೂತಾಯಿ, ಅಂಜಲ್, ಸ್ಕ್ವಿಡ್ಡಿಗೆ ಬೊಂಡಾಸ, ಚಿಪ್ಪಿನ ಮರುವಾಯಿ, ಎಲ್ಲಕ್ಕೂ ಹೆಸರಿದೆ. ಮಾರುಕಟ್ಟೆಗೆ ಬರುವುದಕ್ಕೆ ಹೆಸರು ಬೀಳುತ್ತದೆ. ಈ ಹುಳುವನ್ನು ಯಾರೂ ತಿನ್ನುವುದಿಲ್ಲ, ಬಲೆಗೆ ಸಿಕ್ಕರೂ ಎಸೆಯುತ್ತಾರೆ. ನಾನು ಮನೆಯಲ್ಲಿ ಇದಕ್ಕೆ ಹೆಸರು ಕೇಳಿಲ್ಲ. ಹಾಗಾಗಿ ಇಡುವ ಹೆಸರು ಹೊಸದೇ. ಯಾವುದನ್ನೂ ಕೆಡಿಸಿದ ಹಾಗೆ ಆಗುವುದಿಲ್ಲ. ಧೈರ್ಯವಾಗಿ ಇಡಿ.

ಒಂದು ಎಚ್ಚರಿಕೆ ಮಾತ್ರ. ಬೋರ್ಡಿನಲ್ಲಿ ಡೈವರ್ ಅನ್ನುವುದಕ್ಕೆ 'ಮುಳುಗು ತಜ್ಞೆ' ಅಂತ ಬರೆಯಬೇಡಿ. ಪೇಪರಿನಲ್ಲಿ ಆ ಪದ ಬರುವುದು ನಾಲೆಗೆ ಕಾರು ಬಿದ್ದಾಗ, ಹೆಣ ಹುಡುಕುವಾಗ. ಮಂಡ್ಯದವರಿಗೆ ಹೇಳಬೇಕಾಗಿಲ್ಲ.

ಮಂಡ್ಯದಿಂದ:

ನಿಜ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಊರಿನವರಿಗೆ ಆ ಪದ ಕೇಳಿದರೆ ಎದೆ ಝಲ್ ಅನ್ನುತ್ತದೆ. ಸುಮ್ನೆ 'ಡೈವಿಂಗ್ ಮಾಡಿ ತೆಗೆದ ಚಿತ್ರ' ಅಂತ ಹಾಕಿ ಅಕ್ಕ.

ವಿಜಯನಗರದಿಂದ:

ಬೋಳು ಹಿಂದಕ್ಕೆ. 'ಬತ್ತಲೆ ಬಸವನಹುಳು' ಹೇಗೆ? ಶಾಲೆಯವರು ಬತ್ತಲೆ ಅಂದರೆ ಮುಖ ಸಿಂಡರಿಸುತ್ತಾರಾ? ಶ್ರವಣಬೆಳಗೊಳವನ್ನು ಪಕ್ಕದಲ್ಲೇ ಇಟ್ಟುಕೊಂಡವರು ನಾವು, ಅದರಲ್ಲಿ ಮುಜುಗರ ಏನಿದೆ?

ಕುವೆಂಪುನಗರದಿಂದ:

ಮುಜುಗರ ಇಲ್ಲ. ಆದರೆ 'ಚಿಪ್ಪಿಲ್ಲದ' ಅಂದರೆ ಏನು ಇಲ್ಲ ಅನ್ನುವುದು ನೇರವಾಗಿ ಗೊತ್ತಾಗುತ್ತದೆ. ಬತ್ತಲೆ ಅಂದರೆ ಮಗು ಮತ್ತೆ 'ಯಾಕೆ ಬತ್ತಲೆ' ಅಂತ ಕೇಳಬೇಕು.

ನಾನು ಇಂದು ರಾತ್ರಿ ಅಂಗಡಿಗೆ ಕಳಿಸುತ್ತಿರುವುದು ಇದು:

ಚಿಪ್ಪಿಲ್ಲದ ಕಡಲ ಬಸವನಹುಳು
ನ್ಯೂಡಿಬ್ರಾಂಕ್: ಟ್ರೈಟೋನಿಯಾ ಹೊಂಬರ್ಗಿ
ಒಂದು ಗೇಣಿನವರೆಗೆ, ಸುಮಾರು 20 ಸೆಂಟಿಮೀಟರ್ ಬೆಳೆಯುತ್ತದೆ. 'ಸತ್ತವನ ಬೆರಳು' ಎಂದು ಕರೆಯುವ ಮೆದು ಹವಳವನ್ನು ತಿನ್ನುತ್ತದೆ. ಕೊಂಬುಗಳನ್ನು ನೋಡಿ. ಸೇಂಟ್ ಆಬ್ಸ್ ಕಡಲತೀರ, ಸ್ಕಾಟ್ಲೆಂಡ್.

'ಬಸವನಹುಳು' ಉಳಿಸಿಕೊಂಡದ್ದು ಮಂಡ್ಯದವರ ಕಾರಣಕ್ಕೆ. ಆ ಹೆಸರು ಓದಿದ ಮಗುವಿನ ಕಣ್ಣು ತಾನಾಗಿ ಕೊಂಬಿನ ಕಡೆ ಹೋಗುತ್ತದೆ, ಗುರುತು ಹಿಡಿಯುವವರು ನೋಡುವುದೂ ಅಲ್ಲಿಗೇ. ಎರಡನೇ ಸಾಲು ಗೋಕುಲಂನವರಿಗಾಗಿ ಅಲ್ಲ. ಮುಂದೆ ಹುಡುಕಿ ಓದಬೇಕು ಅನ್ನುವ ಮಗುವಿಗೆ ಆ ಹೆಸರು ಬೇಕೇ ಬೇಕು. ವೈಜ್ಞಾನಿಕ ಹೆಸರನ್ನು ರೋಮನ್ ಲಿಪಿಯಲ್ಲೂ ಸಣ್ಣಗೆ ಕೊಡುತ್ತಿದ್ದೇನೆ, ಇದಕ್ಕೆ ಜಯಲಕ್ಷ್ಮೀಪುರಂನಿಂದ ಬರುವ ಪತ್ರಕ್ಕೆ ಆಮೇಲೆ ಉತ್ತರ ಕೊಡುತ್ತೇನೆ. ಎರಡು ಚಿತ್ರಗಳಲ್ಲಿ ಕೊಂಬು ಸರಿಯಾಗಿ ಬಂದಿಲ್ಲ, ಬಗೆ ಯಾವುದು ಅಂತ ಖಚಿತ ಆಗಿಲ್ಲ. ಅಲ್ಲಿ ಮೊದಲ ಸಾಲು ಮಾತ್ರ ಇರುತ್ತದೆ. ಅಂದಾಜಿನ ಮೇಲೆ ಹೆಸರು ಹಚ್ಚಲು ಹುಡುಗಿ ಒಪ್ಪುವುದಿಲ್ಲ, ನನಗೂ ಅದೇ ಸರಿ ಅನಿಸುತ್ತದೆ.

ಡ್ರೈಸೂಟ್ ಹಾಗೇ ಇರಲಿ, ಪಕ್ಕದಲ್ಲಿ 'ನೀರು ಒಳಗೆ ಬಾರದ ಉಡುಪು' ಅಂತ ಒಂದು ವಿವರಣೆ. ಎಲ್ಲರಿಗೂ ಧನ್ಯವಾದ.

ಸರಸ್ವತಿಪುರಂನಿಂದ:

'ಕಡಲ ಬಸವನಹುಳು' ವ್ಯಾಕರಣಕ್ಕೆ ಸರಿ ಇದೆ. ಬಸವ ತದ್ಭವ, ವೃಷಭದಿಂದ ಬಂದದ್ದು. ತದ್ಭವ ಕನ್ನಡ ಪದದೊಡನೆ ಕೂಡಬಹುದು. ನನ್ನ ಆಕ್ಷೇಪಣೆ ಇಲ್ಲ. 'ಬಸವನಹುಳು' ಒಂದೇ ಪದವಾಗಿ ಬರಲಿ, ಅಂಗಡಿಯವರು ನಡುವೆ ಜಾಗ ಬಿಟ್ಟುಬಿಡುತ್ತಾರೆ, ಪ್ರೂಫ್ ನೀವೇ ನೋಡಿ.