‘ವಿಕ್ಟಿಮ್ ಅಡ್ವೊಕೇಟ್’ ಅಂದರೆ ವಕೀಲರೇ, ಬೆಂಬಲ ವ್ಯಕ್ತಿಯೇ?

ಕೇಳಿಕೆ

ಬಲ್ಲವರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆಂದು ಚಿಕ್ಕ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಲೈಂಗಿಕ ದೌರ್ಜನ್ಯ ನಡೆದಾಗ ಪೊಲೀಸ್ ವಿಚಾರಣೆಯಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಜೊತೆಗೆ ಯಾರು ಇರಬಹುದು ಎಂಬುದು ಅದರ ವಿಷಯ. ಮೂಲದಲ್ಲಿ ಎರಡು ಪದ ಅಕ್ಕಪಕ್ಕ ಬರುತ್ತವೆ: ‘ವಿಕ್ಟಿಮ್ ಅಡ್ವೊಕೇಟ್’ ಮತ್ತು ‘ಸಪೋರ್ಟ್ ಪರ್ಸನ್’. ಮೊದಲನೆಯವರು ತರಬೇತಿ ಪಡೆದು ಇದೇ ಕೆಲಸ ಮಾಡುವವರು. ಎರಡನೆಯವರು ಅಕ್ಕನೋ ಗೆಳತಿಯೋ ಪಕ್ಕದ ಮನೆಯವರೋ ಆಗಬಹುದು.

ಕರಡಿನಲ್ಲಿ ಮೊದಲನೆಯದಕ್ಕೆ ‘ಸಂತ್ರಸ್ತರ ವಕೀಲರು’, ಎರಡನೆಯದಕ್ಕೆ ‘ಬೆಂಬಲ ವ್ಯಕ್ತಿ’ ಎಂದು ಬರೆದಿದೆ. ಎರಡೂ ದಾರಿ ತಪ್ಪಿಸುತ್ತವೆ ಅನ್ನಿಸುತ್ತಿದೆ. ಅಡ್ವೊಕೇಟ್ ಅಂದರೆ ನಮ್ಮವರ ಕಣ್ಣಿಗೆ ಕಪ್ಪು ಕೋಟೇ ಬರುತ್ತದೆ. ‘ಬೆಂಬಲ ವ್ಯಕ್ತಿ’ ಪದವಂತೂ ಭಾರತದ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸುಗಳಲ್ಲಿ ಆಗಲೇ ಬೇರೆಯವರಿಗೆ ಸಂದುಹೋಗಿದೆ. ಜೊತೆಗೆ, ‘ವಿಕ್ಟಿಮ್’ಗೆ ಸಂತ್ರಸ್ತರು ಅನ್ನಬೇಕೋ ನೊಂದವರು ಅನ್ನಬೇಕೋ ಎಂಬುದೂ ತೀರ್ಮಾನವಾಗಿಲ್ಲ. ಕೆಲಸ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ

ನಿಮ್ಮ ಅನುಮಾನ ಸರಿ. ‘ವಕೀಲ’ವನ್ನು ಮೊದಲು ತೆಗೆದುಹಾಕಿ. ಭಾರತದ 1961ರ ವಕೀಲರ ಕಾಯ್ದೆಯ ಕಲಂ 29ರ ಪ್ರಕಾರ ವಕೀಲಿ ವೃತ್ತಿ ನಡೆಸುವ ಹಕ್ಕು ಅಡ್ವೊಕೇಟರಿಗೆ ಮಾತ್ರ. ಆ ಹಕ್ಕಿಲ್ಲದೆ ವೃತ್ತಿ ನಡೆಸಿದರೆ ಕಲಂ 45ರಂತೆ 6 ತಿಂಗಳವರೆಗೆ ಜೈಲು. ಇದು ಇಲ್ಲಿಯ ಕಾನೂನು, ಅಮೆರಿಕಕ್ಕೆ ಅನ್ವಯಿಸದು. ಆದರೆ ಕೈಪಿಡಿ ಓದುವವರ ತಲೆಯಲ್ಲಿರುವುದು ಇಲ್ಲಿಯ ಅರ್ಥವೇ. ವಕೀಲರು ಅಂದ ಕೂಡಲೇ ಅವರು ವಕಾಲತ್ತು ಹಾಕುತ್ತಾರೆ, ವಾದ ಮಾಡುತ್ತಾರೆ, ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ ಎಂದು ಮೂರು ನಂಬಿಕೆ ಒಟ್ಟಿಗೇ ಬಂದುಬಿಡುತ್ತವೆ.

ಮೊದಲ ಎರಡು ನಂಬಿಕೆ ಹುಸಿಯಾದರೆ ನಿರಾಸೆಯಾಗುತ್ತದೆ, ಅಷ್ಟೆ. ಮೂರನೆಯದು ಹುಸಿಯಾದರೆ ಕೇಸೇ ಕೆಡಬಹುದು. ಕ್ಯಾಲಿಫೋರ್ನಿಯದ ಸಾಕ್ಷ್ಯ ಸಂಹಿತೆಯಲ್ಲಿ, ಕನಿಷ್ಠ 40 ಗಂಟೆ ತರಬೇತಿ ಪಡೆದು ನೆರವು ಕೇಂದ್ರದಲ್ಲಿ ಕೆಲಸ ಮಾಡುವ ಸಮಾಲೋಚಕರೊಡನೆ ಆಡಿದ ಮಾತಿಗೆ ಗೋಪ್ಯತೆಯ ರಕ್ಷಣೆ ಇದೆ. ಜೊತೆಗೆ ಬಂದ ಗೆಳತಿಯೊಡನೆ ಆಡಿದ್ದಕ್ಕೆ ಇಲ್ಲ. ಹಾಗೆಯೇ ಅಭಿಯೋಜಕರ (ಸರ್ಕಾರದ ಪರ ಕೇಸು ನಡೆಸುವವರ) ಕಚೇರಿಯಲ್ಲೇ ಸಂಬಳಕ್ಕಿರುವ ವಿಕ್ಟಿಮ್ ಅಡ್ವೊಕೇಟರೂ ಇದ್ದಾರೆ. ಅವರಿಗೆ ಹೇಳಿದ್ದರಲ್ಲಿ ಆರೋಪಿಗೆ ಅನುಕೂಲವಾಗುವ ಸಂಗತಿ ಇದ್ದರೆ ಅಭಿಯೋಜಕರು ಅದನ್ನು ಎದುರು ಪಕ್ಷಕ್ಕೆ ತಿಳಿಸಲೇಬೇಕಾಗುತ್ತದೆ. ವಿಚಾರಣೆಯ ಕೋಣೆಯಲ್ಲೂ ವ್ಯತ್ಯಾಸ ಉಂಟು: ಸಪೋರ್ಟ್ ಪರ್ಸನ್ ಇರುವುದರಿಂದ ವಿಚಾರಣೆಗೆ ತೊಡಕಾಗುತ್ತದೆ ಅನ್ನಿಸಿದರೆ ಅವರನ್ನು ಹೊರಗೆ ಕೂರಿಸಬಹುದು. ಹೀಗಾಗಿ ಎರಡು ಪದ ಒಂದಕ್ಕೊಂದು ಬೆರೆಯಕೂಡದು.

ಇನ್ನು ನಮ್ಮ ಕಡೆ. ಮಗುವಿನ ಕೇಸಿನಲ್ಲಿ ಮೂವರು ಬೇರೆ ಬೇರೆ ಜನ ಇರುತ್ತಾರೆ. ಪತ್ರಿಕೆಗಳು ಮೂವರನ್ನೂ ‘ಸಂತ್ರಸ್ತೆ ಪರ’ ಅಂದುಬಿಡುತ್ತವೆ.

ಸರ್ಕಾರಿ ಅಭಿಯೋಜಕರು ಸರ್ಕಾರದ ಪರ. ಕುಟುಂಬದವರು ‘ನಮ್ಮ ಲಾಯರು’ ಅಂದುಕೊಂಡಿರುತ್ತಾರೆ. ಹಾಗಲ್ಲ ಎಂಬುದು ಅರಿವಾಗುವ ಹೊತ್ತಿಗೆ ಮುಖ್ಯ ವಿಚಾರಣೆ ಮುಗಿದಿರುತ್ತದೆ.

ಕುಟುಂಬದ ಸ್ವಂತ ವಕೀಲರನ್ನು ‘ಅಭಿಯೋಜನೆಗೆ ನೆರವಾಗುವ ವಕೀಲರು’ ಎಂದೇ ಬರೆಯಬೇಕು. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 18(8) ಇವರಿಗೆ ಅವಕಾಶ ಕೊಡುತ್ತದೆ. ಆದರೆ ಇವರು ತಾವೇ ಎದ್ದು ಪಾಟೀ ಸವಾಲು ಮಾಡುವಂತಿಲ್ಲ, ಬಾಯಿಮಾತಿನ ವಾದ ಮಂಡಿಸುವಂತಿಲ್ಲ ಎಂದು ರೇಖಾ ಮುರಾರ್ಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಕೇಳಬೇಕಾದ ಪ್ರಶ್ನೆಯನ್ನು ಅಭಿಯೋಜಕರ ಕೈಗೆ ಕೊಡಬಹುದು, ಕೊನೆಗೆ ಲಿಖಿತ ವಾದ ಸಲ್ಲಿಸಬಹುದು. ಇಷ್ಟು ಮಿತಿಯಿದ್ದರೂ ಇವರು ಬೇಕೇ ಬೇಕು. ಏಕೆಂದರೆ ಅದೇ ಸಂಹಿತೆಯ ಕಲಂ 230ರ ಪ್ರಕಾರ ದೋಷಾರೋಪಣಾ ಪಟ್ಟಿಯ ನಕಲು ನೊಂದವರಿಗೆ ಸಿಗುವುದು ವಕೀಲರ ಮೂಲಕ ಹಾಜರಾಗಿದ್ದರೆ ಮಾತ್ರ. ದುಡ್ಡಿಲ್ಲ ಎಂದು ಬಿಡಬೇಕಾಗಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿ ನೋಡದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಮೂರನೆಯವರು ಬೆಂಬಲ ವ್ಯಕ್ತಿ. 2020ರ ಪೋಕ್ಸೊ ನಿಯಮಗಳಂತೆ ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು ಮಕ್ಕಳ ಕಲ್ಯಾಣ ಸಮಿತಿ ಇವರನ್ನು ಗೊತ್ತುಮಾಡುತ್ತದೆ. ಹಾಗೆ ಗೊತ್ತುಮಾಡಿದ 24 ಗಂಟೆಯೊಳಗೆ ಪೊಲೀಸರು ವಿಶೇಷ ನ್ಯಾಯಾಲಯಕ್ಕೆ ಲಿಖಿತವಾಗಿ ತಿಳಿಸಬೇಕು. ಇಂಥವರು ಸಿಗುತ್ತಾರೆ, ಕೇಳುವ ಹಕ್ಕಿದೆ ಎಂಬುದನ್ನು ಪ್ರತಿ ಕೇಸಿನಲ್ಲೂ ಕುಟುಂಬಕ್ಕೆ ಹೇಳಲೇಬೇಕೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಆದೇಶಿಸಿತು. ಸಮಿತಿ ಇವರನ್ನು ಗೊತ್ತುಮಾಡುವ ಆದೇಶದಲ್ಲಿ ‘ಬೆಂಬಲ ವ್ಯಕ್ತಿ’ ಎಂದೇ ಇರಲಿ. ‘ಆಪ್ತ ಸಮಾಲೋಚಕಿ’ ಎಂದೋ ‘ಸಹಾಯಕಿ’ ಎಂದೋ ಬರೆದರೆ ಮುಚ್ಚಿದ ಕೋಣೆಯ ವಿಚಾರಣೆಯ ದಿನ, ನಿಯಮದಲ್ಲಿ ಹೇಳಿದವರು ಇವರೇನಾ ಎಂಬ ಪ್ರಶ್ನೆ ಏಳುತ್ತದೆ.

ಇನ್ನೊಂದು ಸಲಹೆ

‘ಬೆಂಬಲಿಗ’ ಬೇಡವೇ ಬೇಡ, ಅದು ರಾಜಕಾರಣಿಯ ಹಿಂದೆ ಓಡಾಡುವವರ ಹೆಸರು. ‘ಬೆಂಗಾವಲು’ ಪೊಲೀಸರದು. ‘ಒತ್ತಾಸೆಗಾರರು’ ಹೇಗೆ? ಒತ್ತಾಸೆಯಾಗಿ ನಿಲ್ಲುವುದು ಅಚ್ಚ ಕನ್ನಡದ ಮಾತು, ಕಿವಿಗೂ ಹಿತ.

ಅದಕ್ಕೆ ಮರುನುಡಿ

ಮಾತು ಚೆಂದವೇ. ಆದರೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿ ನೋಡಿ: ‘ಯಾರ ಒತ್ತಾಸೆಯಿಂದ ದೂರು ಕೊಟ್ಟಿರಿ?’ ಅಲ್ಲಿ ಅದು ಕುಮ್ಮಕ್ಕಿಗೆ ತೀರ ಹತ್ತಿರ. ಈ ಕೆಲಸದಲ್ಲಿ ಯಾವ ಪದ ಇಟ್ಟರೂ ಪಾಟೀ ಸವಾಲಿನಲ್ಲಿ ಅದು ಹೇಗೆ ಕೇಳಿಸುತ್ತದೆ ಎಂದು ಒಮ್ಮೆ ಪರೀಕ್ಷಿಸಬೇಕು. ನಿಘಂಟಿಗೆ ಈ ಪರೀಕ್ಷೆ ಗೊತ್ತಿಲ್ಲ.

ಹಾಗೆ ಸೋಲುವ ಪದ ಇನ್ನೂ ಕೆಲವಿವೆ. ‘ಸಾಕ್ಷಿ ತಯಾರಿ’ ಎಂದು ಬೆಂಬಲ ವ್ಯಕ್ತಿ ಡೈರಿಯಲ್ಲಿ ಬರೆದರೆ ಸಾಕ್ಷಿಯನ್ನೇ ತಯಾರು ಮಾಡಿದಂತೆ ಓದಬಹುದು. ‘ಮಗುವಿಗೆ ಹೇಳಿಕೊಟ್ಟೆವು’ ಅಂತೂ ಆರೋಪಿಯ ವಕೀಲರಿಗೆ ಕೈಯಾರೆ ಕೊಟ್ಟ ಅಸ್ತ್ರ. ಮಾಡುವ ಕೆಲಸವೇ ಬೇರೆ: ಖಾಲಿ ಕೋರ್ಟ್ ಹಾಲ್ ತೋರಿಸುವುದು, ಜಡ್ಜ್ ಎಲ್ಲಿ ಕೂರುತ್ತಾರೆ, ಪ್ರಶ್ನೆ ಅರ್ಥವಾಗದಿದ್ದರೆ ‘ಅರ್ಥ ಆಗ್ಲಿಲ್ಲ’ ಅನ್ನಬಹುದು, ನೆನಪಿಲ್ಲದಿದ್ದರೆ ‘ನೆನಪಿಲ್ಲ’ ಅನ್ನಬಹುದು ಎಂದು ತಿಳಿಸುವುದು. ಘಟನೆಯ ಮಾತು ಎತ್ತುವಂತಿಲ್ಲ. ಇದಕ್ಕೆ ‘ಕೋರ್ಟ್ ಪರಿಚಯ’ ಎಂಬ ಹೆಸರೇ ಕ್ಷೇಮ.

‘ಹೇಳಿಕೆ’ ಇನ್ನೊಂದು ತೊಡಕು. ಪೊಲೀಸರ ಮುಂದೆ ಹೇಳಿದ್ದೂ ಹೇಳಿಕೆ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದೂ ಹೇಳಿಕೆ, ಕೋರ್ಟಿನಲ್ಲಿ ನುಡಿದ ಸಾಕ್ಷ್ಯವೂ ಮನೆಯವರ ಬಾಯಲ್ಲಿ ಹೇಳಿಕೆಯೇ. ‘ಹೇಳಿಕೆ ಆಗೋಯ್ತಲ್ಲ, ಮತ್ತ್ಯಾಕೆ ಕರೀತಾರೆ?’ ಎಂದು ಸಮನ್ಸ್ ಬಂದ ದಿನ ಗಾಬರಿಬೀಳುತ್ತಾರೆ. ಮೊದಲ ದಿನವೇ ಮೂರನ್ನೂ ಬೇರೆ ಮಾಡಿ ಹೇಳಿ: ಪೊಲೀಸ್ ಹೇಳಿಕೆ (ಇದಕ್ಕೆ ಸಹಿ ಹಾಕಿಸುವಂತಿಲ್ಲ), ಮ್ಯಾಜಿಸ್ಟ್ರೇಟ್ ಹೇಳಿಕೆ, ಕೋರ್ಟ್ ಸಾಕ್ಷ್ಯ.

‘ಪರಿಹಾರ’ವೂ ಅಂಥದ್ದೇ. ಕನ್ನಡದಲ್ಲಿ ಸಮಸ್ಯೆ ಬಗೆಹರಿದರೂ ಪರಿಹಾರ, ಹಣ ಬಂದರೂ ಪರಿಹಾರ. ಮಧ್ಯಂತರ ಪರಿಹಾರ ಕೈಸೇರಿದಾಗ ಕೇಸು ಮುಗಿಯಿತು, ರಾಜಿಯಾಯಿತು ಎಂದು ನಂಬಿದವರು ಉಂಟು. ‘ಪರಿಹಾರಧನ’ ಅನ್ನಿ. ಊಟ, ಬಟ್ಟೆ, ಓಡಾಟದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡುವ ತುರ್ತು ಹಣಕ್ಕೆ ‘ತಕ್ಷಣದ ನೆರವು’ ಅನ್ನಿ. ಇದು ಶಿಫಾರಸು ತಲುಪಿದ ಒಂದು ವಾರದಲ್ಲಿ ಬರಬೇಕು. ಪರಿಹಾರಧನ ಆದೇಶ ತಲುಪಿದ 30 ದಿನದಲ್ಲಿ. ಗಡುವು ಬೇರೆ, ಅರ್ಜಿ ಹೋಗುವ ಜಾಗ ಬೇರೆ. ಒಂದೇ ಹೆಸರಿಟ್ಟರೆ ಯಾವುದು ಬಾಕಿ ಎಂದು ವಿಚಾರಿಸುವುದೂ ಕಷ್ಟ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ಪದ ‘ಅಂಕಲ್’. ಮಗು ‘ಅಂಕಲ್’ ಅಂದರೆ ಅದು ಪಕ್ಕದ ಮನೆಯವರೂ ಆಗಬಹುದು, ಅಂಗಡಿಯವರೂ ಆಗಬಹುದು. ಆಸ್ಪತ್ರೆಯ ಇಂಗ್ಲಿಷ್ ದಾಖಲೆಗೆ ಅದು ಹಾಗೇ ಇಳಿಯುತ್ತದೆ, ಅಲ್ಲಿಂದ ಕನ್ನಡಕ್ಕೆ ಮರಳುವಾಗ ಯಾರೋ ‘ಚಿಕ್ಕಪ್ಪ’ ಎಂದು ಬರೆಯುತ್ತಾರೆ. ಪೋಕ್ಸೊ ಕಲಂ 5(ಎನ್) ಪ್ರಕಾರ ರಕ್ತಸಂಬಂಧಿಯೋ ಮದುವೆಯಿಂದಾದ ನೆಂಟನೋ ಮಾಡಿದ್ದು ಹೆಚ್ಚು ಗಂಭೀರ ಅಪರಾಧ. ಅಂದರೆ ಅನುವಾದದ ಒಂದು ಪದ ಕಲಂ ಬದಲಿಸುತ್ತದೆ, ಮುಂದೆ ಅದೇ ಪದ ವಿರೋಧಾಭಾಸವಾಗಿ ಮಗುವಿನ ಮಾತನ್ನೇ ಸುಳ್ಳು ಮಾಡಲು ಬಳಕೆಯಾಗುತ್ತದೆ. ಮಗು ಆಡಿದ ಪದ ಹಾಗೇ ಇರಲಿ. ಅದು ಯಾರು ಎಂಬುದನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ.

ಇನ್ನು ಸಂತ್ರಸ್ತ. ಸಂಸ್ಕೃತದ ‘ತ್ರಸ್’ ಅಂದರೆ ಹೆದರು, ಸಂತ್ರಸ್ತ ಅಂದರೆ ತುಂಬ ಬೆದರಿದ. ಈಗ ನೆರೆ ಸಂತ್ರಸ್ತರು, ಮುಳುಗಡೆ ಸಂತ್ರಸ್ತರು ಎಂದು ಬಳಕೆ ಹಬ್ಬಿ, ಅರ್ಜಿ ಹಿಡಿದು ನಿಂತವರೆಲ್ಲರ ಹೆಸರಾಗಿದೆ. ‘ಸಂತ್ರಸ್ತೆ’ ಎಂದರೆ ಹೆಣ್ಣು ಮಾತ್ರ, ದೌರ್ಜನ್ಯಕ್ಕೊಳಗಾದ ಗಂಡುಮಕ್ಕಳು ಪದದಿಂದಲೇ ಹೊರಗುಳಿಯುತ್ತಾರೆ. ‘ಬಲಿಪಶು’ವಿಗೆ ಹಕ್ಕೇ ಇಲ್ಲ. ಪೊಲೀಸ್ ಕಾಗದಗಳಲ್ಲಿ ಬರುವ ‘ನೊಂದ ಬಾಲಕಿ’ಯ ‘ನೊಂದವರು’ ನನಗೆ ಹೆಚ್ಚು ಒಪ್ಪಿತ. ಕಾನೂನಿನ ವ್ಯಾಖ್ಯೆಯಲ್ಲಿ ಪೋಷಕರೂ ವಾರಸುದಾರರೂ ಸೇರುತ್ತಾರೆ. ಕೊಲೆಯಾದವರ ಹೆಂಡತಿ ನೊಂದವರು ಅಂದರೆ ಕನ್ನಡಕ್ಕೆ ಎಲ್ಲೂ ತಡೆಯುವುದಿಲ್ಲ. ಖುಲಾಸೆಯ ವಿರುದ್ಧ ಮೇಲ್ಮನವಿಗೆ ಇವರು ವಿಶೇಷ ಅನುಮತಿ ಕೇಳಬೇಕಿಲ್ಲ ಎಂಬ 2018ರ ತೀರ್ಪು ಹುಟ್ಟಿದ್ದು ಕರ್ನಾಟಕದ್ದೇ ಆದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ‘ಸರ್ವೈವರ್’ಗೆ ‘ಬದುಕುಳಿದವರು’ ಅಂದರೆ ಬಸ್ ಅಪಘಾತದ ನೆನಪಾಗುತ್ತದೆ. ಆ ವ್ಯಕ್ತಿಯೇ ತನ್ನನ್ನು ಒಂದು ಪದದಿಂದ ಕರೆದುಕೊಂಡರೆ ಅದನ್ನೇ ಬಳಸಬೇಕು. ಸುಪ್ರೀಂ ಕೋರ್ಟಿನ 2023ರ ಕೈಪಿಡಿಯೂ ಹಾಗೇ ಹೇಳುತ್ತದೆ.

ಕೇಳಿದವರಿಂದ

ಉಪಕಾರವಾಯಿತು. ಕೈಪಿಡಿಯಲ್ಲಿ ಹೀಗೆ ಇಡುತ್ತೇವೆ, ತಪ್ಪಿದ್ದರೆ ತಿದ್ದಿ:

‘ನೊಂದವರ ಜೊತೆಗಾರರು: ಈ ಕೆಲಸಕ್ಕೆಂದೇ ತರಬೇತಿ ಪಡೆದವರು. ಇವರು ವಕೀಲರಲ್ಲ. ನೆರವು ಕೇಂದ್ರದವರೋ ಅಭಿಯೋಜಕರ ಕಚೇರಿಯವರೋ ಎಂದು ಮೊದಲೇ ಕೇಳಿ, ಆಮೇಲೆ ಮಾತಾಡಿ. ನಿಮ್ಮ ಆಯ್ಕೆಯ ಆಪ್ತರು: ಮನೆಯವರು, ಗೆಳೆಯರು, ಯಾರಾದರೂ ಸರಿ. ಇವರಿಗೆ ಹೇಳಿದ್ದಕ್ಕೆ ಕಾನೂನಿನ ಗೋಪ್ಯತೆ ಇಲ್ಲ.’

ಒಂದು ತಿದ್ದುಪಡಿ

‘ನೆರವು ಕೇಂದ್ರದವರೋ’ ಅನ್ನುವ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ. ‘ಆಪ್ತರು’ ಬೇಡ, ಓದುವವರು ಅದನ್ನು ಆಪ್ತ ಸಮಾಲೋಚಕರಿಗೆ ಗಂಟು ಹಾಕುತ್ತಾರೆ. ‘ನೀವು ಕರೆತರುವವರು’ ಅಂದರೆ ಸಾಕು.