‘ವಿಶ್ರಾಂತಿ ಹಂತ’: ಕೋಶ ಆಗ ನಿಜವಾಗಿ ವಿಶ್ರಮಿಸುತ್ತದೆಯೆ?

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಜೀವಕೋಶದ ವಿಭಜನೆಯನ್ನು ವಿವರಿಸುವಾಗ ನಾವು ಬಳಸುತ್ತ ಬಂದಿರುವ ಒಂದು ಪದದ ಬಗ್ಗೆ ನನಗೆ ಬಹಳ ದಿನಗಳಿಂದ ಇದ್ದ ಕಿರಿಕಿರಿ ಕಳೆದ ವಾರ ಪ್ರಶ್ನೆಯ ರೂಪ ತಾಳಿತು. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳುವವನು. ಒಂದು ವಿಭಜನೆ ಮುಗಿದು ಇನ್ನೊಂದು ಆರಂಭವಾಗುವ ತನಕ ಕೋಶ ಇರುವ ಸ್ಥಿತಿಗೆ, ಅಂದರೆ ಇಂಟರ್‌ಫೇಸ್‌ಗೆ, ನಾನು ಓದುವಾಗ ಕಲಿತದ್ದು ‘ವಿಶ್ರಾಂತಿ ಹಂತ’ ಎಂಬ ಮಾತು. ಹಳೆಯ ಟಿಪ್ಪಣಿಗಳಲ್ಲಿ ಅದು ಇನ್ನೂ ಉಳಿದಿದೆ, ನನ್ನ ಬಾಯಿಗೂ ಅದೇ ಮೊದಲು ಬರುತ್ತದೆ. ಅಂದು ಹಾಗೆಯೇ ಬಂದಾಗ, ಮನೆಯಲ್ಲಿ ರೇಷ್ಮೆಹುಳು ಸಾಕುವ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹುಳ ಜ್ವರಕ್ಕೆ ಕೂತಾಗ ನಾವು ಸೊಪ್ಪು ಹಾಕಲ್ಲ. ಕೋಶಾನೂ ವಿಶ್ರಾಂತೀಲಿ ಇದ್ದಾಗ ಏನೂ ತಗೊಳಲ್ವಾ?” ಎಂದು ಕೇಳಿದಳು.

ರೇಷ್ಮೆ ಸಾಕದ ಸೀಮೆಯವರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹುಳು ಪೊರೆ ಬಿಡುವ ಕಾಲಕ್ಕೆ ‘ಜ್ವರ’ ಎಂದು ಹೆಸರು. ಮೊಟ್ಟೆಯಿಂದ ಹೊರಬಂದ ಹುಳು ಹಣ್ಣಾಗಿ ಗೂಡು ಕಟ್ಟುವುದರೊಳಗೆ ನಾಲ್ಕು ಜ್ವರ ದಾಟುತ್ತದೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟದೆ, ತಲೆಯನ್ನು ಮೇಲಕ್ಕೆತ್ತಿಕೊಂಡು, ಸುಮಾರು ಒಂದು ದಿನ ಅಲುಗಾಡದೆ ಇರುತ್ತದೆ. ಮನೆಯವರು ಸೊಪ್ಪು ನಿಲ್ಲಿಸಿ, ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಎಲ್ಲವೂ ಜ್ವರದಿಂದ ಏಳುವ ತನಕ ಕಾಯುತ್ತಾರೆ. ಕಣ್ಣಿಗೆ ಕಾಣುವುದು ಕಾಯಿಲೆ, ಒಳಗೆ ನಡೆಯುವುದು ಹಳೆಯ ಚರ್ಮದಡಿ ಹೊಸ ಚರ್ಮ ಮೂಡುವ ಕೆಲಸ. ಹೆಸರು ವಸ್ತುಸ್ಥಿತಿಗೆ ಹೊಂದದಿದ್ದರೂ ಅದರಿಂದ ಯಾರಿಗೂ ಕೇಡಾಗಿಲ್ಲ, ಏಕೆಂದರೆ ಹುಳು ಸಾಕುವ ಮನೆಯ ಮಗುವಿಗೆ ಈ ಜ್ವರಕ್ಕೆ ಮದ್ದು ಬೇಕಿಲ್ಲವೆಂಬುದು ಪದ ಕಲಿಯುವಾಗಲೇ ಗೊತ್ತಿರುತ್ತದೆ. ‘ವಿಶ್ರಾಂತಿ ಹಂತ’ಕ್ಕೆ ಅಂಥ ಆಸರೆ ಇಲ್ಲ. ಕೋಶವನ್ನು ಮಗು ಸಾಕಿ ನೋಡಿಲ್ಲ. ಪದ ಏನು ಹೇಳುತ್ತದೋ ಅಷ್ಟೇ ಅದಕ್ಕೆ ಸಿಗುವ ವಿಷಯ.

ಈ ಹೆಸರು ಹುಟ್ಟಿದ್ದೂ ಕಣ್ಣಿಗೆ ಕಂಡದ್ದರಿಂದಲೇ. ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿ, ಬೇರು ಬಂದ ಮೇಲೆ ಅದರ ತುದಿಯನ್ನು ಎರಡು ಮೂರು ಮಿಲಿಮೀಟರಿನಷ್ಟು ಕತ್ತರಿಸಿ, ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಣುವ ಕೋಶಗಳಲ್ಲಿ ಬಹುಪಾಲು ಒಂದೇ ಬಗೆಯವು: ನಡುವೆ ದುಂಡನೆಯ ಕೋಶಕೇಂದ್ರ, ಅದರ ತುಂಬ ರವೆ ಉದುರಿಸಿದಂತೆ ಬಣ್ಣ. ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ ಎಳೆಗಳು ಎದ್ದು ಕಾಣುತ್ತವೆ. ಒಂದರಲ್ಲಿ ಅವು ನಟ್ಟನಡುವೆ ಸಾಲುಗಟ್ಟಿರುತ್ತವೆ, ಇನ್ನೊಂದರಲ್ಲಿ ಎರಡು ತಂಡವಾಗಿ ಎದುರುಬದುರು ದಿಕ್ಕಿಗೆ ಸರಿದಿರುತ್ತವೆ. ಮಕ್ಕಳು ಚಿತ್ರ ಬರೆಯುವುದೂ ಹೀಗೆ ಎಳೆ ಕಾಣುವ ಕೋಶಗಳನ್ನೇ; ಮಿಕ್ಕವನ್ನು ‘ಏನೂ ಇಲ್ಲದವು’ ಎಂದು ಬಿಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೋಶವಿಜ್ಞಾನಿಗಳೂ ಕೊಂದು ಬಣ್ಣ ಹಾಕಿದ ಕೋಶಗಳನ್ನು ನೋಡುತ್ತ ಹೆಚ್ಚುಕಡಿಮೆ ಇದನ್ನೇ ಮಾಡಿದರು. ಎಳೆ ಕಾಣದ ಕೋಶಕೇಂದ್ರಕ್ಕೆ ಜರ್ಮನ್‌ನಲ್ಲೂ ಇಂಗ್ಲಿಷ್‌ನಲ್ಲೂ ‘ವಿಶ್ರಮಿಸುತ್ತಿರುವ ಕೋಶಕೇಂದ್ರ’ ಎಂಬ ಹೆಸರು ಬಿತ್ತು, ನಮ್ಮ ‘ವಿಶ್ರಾಂತಿ’ ಅದರ ನೆರಳು.

ಆ ಹೆಸರಿನ ಬುಡ ಅಲುಗಿದ್ದು 1953ರಲ್ಲಿ. ಲಂಡನ್ನಿನಲ್ಲಿ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಎಂಬ ಇಬ್ಬರು ಬ್ರಾಡ್ ಬೀನ್ ಗಿಡದ (ನಮ್ಮ ಅವರೆಯಲ್ಲ, ಅದು ಬೇರೆ ಕುಲ) ಬೇರಿನ ತುದಿಗೆ ವಿಕಿರಣಶೀಲ ರಂಜಕ (ಫಾಸ್ಫರಸ್) ಕೊಟ್ಟು, ಹೊಸ ಡಿಎನ್‌ಎ ಯಾವಾಗ ತಯಾರಾಗುತ್ತದೆಂದು ನೋಡಿದರು. ಅದು ತಯಾರಾಗುತ್ತಿದ್ದದ್ದು ಎಳೆಗಳು ಕಾಣುವ ಹೊತ್ತಿನಲ್ಲಲ್ಲ, ‘ವಿಶ್ರಾಂತಿ’ ಎನಿಸಿಕೊಂಡಿದ್ದ ಕಾಲದ ನಡುವಿನ ಒಂದು ನಿಶ್ಚಿತ ಅವಧಿಯಲ್ಲಿ. ಆ ಅವಧಿಗೆ ಎಸ್ ಎಂದೂ, ಅದರ ಹಿಂದಿನ ಮತ್ತು ಮುಂದಿನ ಖಾಲಿ ಜಾಗಗಳಿಗೆ ಜಿ1, ಜಿ2 ಎಂದೂ ಹೆಸರಾಯಿತು. ಜಿ ಎಂದರೆ ಗ್ಯಾಪ್. ಗ್ರೋತ್ ಎಂದು ಮಕ್ಕಳು ಬರೆಯುವುದುಂಟು, ಆ ಕಾಲದಲ್ಲಿ ಕೋಶ ಬೆಳೆಯುವುದೂ ನಿಜವಾದ್ದರಿಂದ ನಾನು ಅಂಕ ಕಳೆಯುವುದಿಲ್ಲ. ಪ್ರಯೋಗಾಲಯದಲ್ಲಿ ಚುರುಕಾಗಿ ವಿಭಜನೆಗೊಳ್ಳುತ್ತಿರುವ ಮಾನವ ಕೋಶವೊಂದರ ಚಕ್ರ ಸುಮಾರು 24 ಗಂಟೆಯದೆಂದು ಲೆಕ್ಕ ಹಿಡಿದರೆ ಮೈಟಾಸಿಸ್‌ಗೆ, ಅಂದರೆ ಎಳೆಗಳು ಎದ್ದು ಕಂಡು ಎರಡು ತಂಡವಾಗುವುದಕ್ಕೆ, ಹಿಡಿಯುವುದು ಸುಮಾರು ಒಂದೇ ಗಂಟೆ. ಉಳಿದ 23 ಗಂಟೆಗಳಲ್ಲಿ ಕೋಶ ಆಹಾರ ಎಳೆದುಕೊಳ್ಳುತ್ತದೆ, ಪ್ರೋಟೀನು ಕಟ್ಟುತ್ತದೆ, ಡಿಎನ್‌ಎಯನ್ನು ಇಮ್ಮಡಿ ಮಾಡಿಕೊಳ್ಳುತ್ತದೆ. ಮುಂದಿನ ವಿಭಜನೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನವೂ ಹೆಚ್ಚಾಗಿ ಜಿ1ರಲ್ಲೇ ಆಗುತ್ತದೆ. ಈ ತೀರ್ಮಾನವನ್ನು ನಡೆಸುವ ಅಣುಗಳನ್ನು ಕಂಡುಕೊಂಡದ್ದಕ್ಕೆ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು. ಇಷ್ಟೆಲ್ಲ ನಡೆಯುವ ಹೊತ್ತನ್ನು ವಿಶ್ರಾಂತಿ ಎಂದು ಕರೆದರೆ, ಅಡುಗೆಮನೆಯಿಂದ ಬಡಿಸಲು ಬಂದಾಗಷ್ಟೇ ಅಮ್ಮ ಕೆಲಸ ಮಾಡುತ್ತಾಳೆಂದು ಹೇಳಿದ ಹಾಗಾಗುತ್ತದೆ.

ಪದದ ತಪ್ಪು ಪದದಲ್ಲೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅದು ಲೆಕ್ಕಕ್ಕೂ ಹರಡುತ್ತದೆ. ಮೈಟಾಸಿಸ್‌ಗೆ ನಾವು ‘ಸಮವಿಭಜನೆ’ ಎನ್ನುತ್ತೇವೆ. ಈರುಳ್ಳಿಯ ಬೇರಿನ ಕೋಶದಲ್ಲಿ 16 ವರ್ಣತಂತುಗಳಿವೆ (ಸೂಕ್ಷ್ಮದರ್ಶಕದಡಿ ಕಂಡ ಎಳೆಗಳು ಇವೇ, ಡಿಎನ್‌ಎ ಇರುವುದು ಇವುಗಳಲ್ಲಿ). ಸಮವಾಗಿ ವಿಭಜಿಸು ಎಂದರೆ ಮಗು ಎಂಟೆಂಟು ಎಂದು ಹೇಳುತ್ತದೆ, ಹಾಗೆ ಹೇಳುವುದು ಕನ್ನಡದ ಪ್ರಕಾರ ಸರಿಯೇ. ಅಣ್ಣತಮ್ಮಂದಿರು ಹದಿನಾರು ಗುಂಟೆ ಜಮೀನನ್ನು ಸಮವಾಗಿ ಭಾಗ ಮಾಡಿಕೊಂಡರೆ ಎಂಟೆಂಟು ಗುಂಟೆಯೇ ಬರುವುದು. ಆದರೆ ಇಲ್ಲಿ ಎರಡೂ ಕೋಶಗಳಿಗೆ ಹದಿನಾರು ಹದಿನಾರು ಬರುತ್ತವೆ, ಏಕೆಂದರೆ ಪ್ರತಿ ವರ್ಣತಂತುವೂ ಎಸ್ ಅವಧಿಯಲ್ಲೇ ಜೋಡಿ ಎಳೆಯಾಗಿರುತ್ತದೆ, ಮೈಟಾಸಿಸ್‌ನಲ್ಲಿ ಆ ಜೋಡಿ ಬಿಡಿಸಿಕೊಂಡು ಆ ಕಡೆಗೊಂದು ಈ ಕಡೆಗೊಂದು ಹೋಗುತ್ತದೆ. ಇಮ್ಮಡಿಯಾದ ಸಂಗತಿ ‘ವಿಶ್ರಾಂತಿ’ಯ ಹೊದಿಕೆಯಡಿ ಮರೆಯಾಗಿಬಿಟ್ಟರೆ ಉಳಿದ ಹದಿನಾರು ಎಲ್ಲಿಂದ ಬಂದವೆಂಬುದಕ್ಕೆ ಮಗುವಿನ ಬಳಿ ಉತ್ತರವೇ ಇರುವುದಿಲ್ಲ, ಕಂಠಪಾಠ ಮಾಡುತ್ತದೆ.

ಇಲ್ಲಿ ಒಂದು ಅಡ್ಡಮಾತು. ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ‘ಮೈಟಾಸಿಸ್’ ಎಂಬ ಹೆಸರು ಕಟ್ಟಿದ್ದು ಗ್ರೀಕಿನ ‘ಮಿಟೋಸ್’ ಎಂಬ ಪದದಿಂದ, ಹಾಗೆಂದರೆ ಮಗ್ಗದ ಹಾಸಿನ ನೂಲು. ಸಮವಿಭಜನೆ ಎನ್ನುವಲ್ಲಿ ಆ ನೂಲು ಕಡಿದುಹೋಗಿದೆ. ಹಿಂದಿಯವರು ‘ಸಮಸೂತ್ರೀ ವಿಭಾಜನ್’ ಎಂದು ಅದನ್ನು ಉಳಿಸಿಕೊಂಡಿದ್ದಾರೆ, ಆದರೆ ನಮ್ಮ ಮಕ್ಕಳಿಗೆ ಸೂತ್ರ ಎಂದರೆ ಗಣಿತದ್ದು, ಇಲ್ಲವೇ ಗಾಳಿಪಟದ್ದು. ವರ್ಣತಂತುಗಳನ್ನು ಎಳೆದೊಯ್ಯುವ ರಚನೆಗೆ ‘ಕದಿರು’, ‘ಕದಿರೆಳೆ’ ಎಂದು ನಾನು ಹೇಳುತ್ತೇನೆ. ರಾಟೆಯ ಕದಿರನ್ನು ಅಜ್ಜಿಯ ಮನೆಯಲ್ಲಿ ನೋಡಿದ ಒಬ್ಬಿಬ್ಬರಾದರೂ ತರಗತಿಯಲ್ಲಿ ಇರುತ್ತಾರೆ, ನಡುವೆ ದಪ್ಪ ಎರಡೂ ತುದಿ ಚೂಪು ಎಂಬ ಆಕಾರವನ್ನು ಅವರು ಕೈಯಲ್ಲೇ ತೋರಿಸುತ್ತಾರೆ.

ಈಗ ಇಂಟರ್‌ಫೇಸ್‌ಗೆ ಬೇರೆ ಪದ ಯಾವುದು ಎಂಬಲ್ಲಿಗೆ ಬರುತ್ತೇನೆ. ‘ಬಿಡುವು’ ಎಂಬುದಕ್ಕೆ ನಡುವಿನ ಕಾಲ ಎಂಬ ಅರ್ಥ ಇದ್ದರೂ ಅದರ ಜೊತೆಗೆ ಆರಾಮವೂ ಅಂಟಿಕೊಂಡು ಬರುತ್ತದೆ. ‘ತೆರಪು’ ನನಗೆ ಇಷ್ಟವಾದ ಪದ, ಜಿ1 ಜಿ2ಗಳಿಗೆ ‘ಮೊದಲ ತೆರಪು’, ‘ಎರಡನೆಯ ತೆರಪು’ ಎನ್ನಲು ಅದು ಹೇಳಿಮಾಡಿಸಿದಂತಿದೆ. ಆದರೆ ‘ತೆರಪಿಲ್ಲದ ಕೆಲಸ’ ಎನ್ನುವಾಗ ಅದೂ ಬಿಡುವಿನ ಕಡೆಗೇ ವಾಲುತ್ತದೆ. ‘ಸಿದ್ಧತಾ ಹಂತ’ ಎಂದು ಬರೆಯುವವರಿದ್ದಾರೆ. ಕೋಶ ಬದುಕಿರುವುದೇ ವಿಭಜನೆಗೊಳ್ಳುವುದಕ್ಕಾಗಿ ಎಂಬಂತೆ ಅದು ಕೇಳಿಸುತ್ತದೆ, ಮದುವೆಯ ಮಾತಿಲ್ಲದೆ ಹೆಣ್ಣುಮಕ್ಕಳ ಓದನ್ನು ಕುರಿತು ಮಾತಾಡಲಾಗದ ನೆಂಟರ ಹಾಗೆ. ‘ಅಂತರಾವಸ್ಥೆ’ ಸದ್ಯಕ್ಕೆ ಎಲ್ಲಕ್ಕಿಂತ ನಿರಪಾಯಕಾರಿ. ನಡುವಿನದು ಎಂಬುದಷ್ಟನ್ನೇ ಹೇಳುತ್ತದೆ, ಒಳಗೆ ಏನು ನಡೆಯುತ್ತದೆಂದು ಸುಳ್ಳು ಹೇಳುವುದಿಲ್ಲ. ಆದರೆ ಮಗುವಿನ ನಾಲಿಗೆಗೆ ಅದು ಪರೀಕ್ಷೆಯ ಪದವಾಗಿಯೇ ಉಳಿಯುತ್ತದೆ.

ವಿಶ್ರಾಂತಿಯನ್ನು ಪೂರ್ತಿ ಕೈಬಿಡಬೇಕೆಂದೂ ನಾನು ಹೇಳಲಾರೆ. ವಿಭಜನೆಯ ಚಕ್ರದಿಂದಲೇ ಹೊರಗೆ ನಿಂತ ಕೋಶಗಳಿವೆ, ಅವುಗಳ ಸ್ಥಿತಿಗೆ ಜಿ0 ಎನ್ನುತ್ತಾರೆ. ನಮ್ಮ ನರಕೋಶಗಳು ಬಹುಪಾಲು ಹಾಗೆ ನಿಂತವು; ಯಕೃತ್ತಿನ ಕೋಶಗಳು ಹಾಗೆ ನಿಂತಿದ್ದರೂ ಗಾಯವಾದಾಗ ಮತ್ತೆ ಚಕ್ರಕ್ಕೆ ಮರಳಬಲ್ಲವು. ಅವೂ ತಮ್ಮ ನಿತ್ಯದ ಕೆಲಸ ಬಿಟ್ಟಿಲ್ಲವಾದರೂ, ವಿಭಜನೆಯ ಮಟ್ಟಿಗೆ ‘ವಿಶ್ರಾಂತ ಸ್ಥಿತಿ’ ಎಂಬ ಮಾತು ಸಲ್ಲುವುದಿದ್ದರೆ ಅಲ್ಲಿ ಸಲ್ಲುತ್ತದೆ.

ಆ ಹುಡುಗಿಗೆ ಉತ್ತರ ಕೊಡಲು ಓದಿಕೊಂಡು ಹೋದಾಗ ರೇಷ್ಮೆಹುಳುವೇ ನನ್ನ ಪಕ್ಷಕ್ಕೆ ಸಾಕ್ಷಿ ನುಡಿಯಿತು. ಹುಳು ಮೊಟ್ಟೆಯೊಡೆದ ದಿನದಿಂದ ಹಣ್ಣಾಗುವ ತನಕ, ಒಂದು ತಿಂಗಳೊಳಗೆ, ಸುಮಾರು ಹತ್ತು ಸಾವಿರ ಪಟ್ಟು ತೂಗುತ್ತದೆ. ನೂಲು ತೆಗೆಯುವ ಅದರ ರೇಷ್ಮೆಗ್ರಂಥಿಯೂ ಹಾಗೆಯೇ ಉಬ್ಬುತ್ತದೆ, ಆದರೆ ಆ ಗ್ರಂಥಿಯ ಕೋಶಗಳ ಸಂಖ್ಯೆ ಮೊಟ್ಟೆಯಲ್ಲಿರುವಾಗಲೇ ನಿಗದಿಯಾಗಿಬಿಟ್ಟಿರುತ್ತದೆ. ಹುಳು ಸೊಪ್ಪು ತಿನ್ನುವ ಅಷ್ಟೂ ದಿನ ಆ ಕೋಶಗಳು ಒಮ್ಮೆಯೂ ಇಬ್ಭಾಗವಾಗದೆ, ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ಇಮ್ಮಡಿ ಮಾಡಿಕೊಳ್ಳುತ್ತ, ಲಕ್ಷಗಟ್ಟಲೆ ಪ್ರತಿಗಳನ್ನು ಒಂದೊಂದು ಕೋಶದೊಳಗೇ ಕೂಡಿಟ್ಟುಕೊಳ್ಳುತ್ತವೆ. ಹಳೆಯ ಪದದ ಪ್ರಕಾರ ಅವು ಹುಳುವಿನ ಬಾಳಿಡೀ ವಿಶ್ರಾಂತಿಯಲ್ಲಿವೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಬಂದು ಬೀಳುವ ಗೂಡಿನ ನೂಲೆಲ್ಲ ಆ ವಿಶ್ರಾಂತಿಯ ಫಲ.

ಇದರ ಜೊತೆಗೆ ಎರಡು ಸಣ್ಣ ಸಂದೇಹಗಳಿವೆ. ಒಂದು, ‘ಕೋಶ ವಿಭಜಿಸುತ್ತದೆ’ ಎಂಬ ಬಳಕೆ. ವಿಭಜಿಸು ಎಂಬುದು ಸಕರ್ಮಕ. ಕೋಶ ಏನನ್ನು ವಿಭಜಿಸುತ್ತದೆ ಎಂದು ಕೇಳಬೇಕಾಗುತ್ತದೆ. ‘ವಿಭಜನೆಗೊಳ್ಳುತ್ತದೆ’ ಅಥವಾ ‘ಇಬ್ಭಾಗವಾಗುತ್ತದೆ’ ಎಂದರೆ ನನ್ನ ಕಿವಿಗೆ ಒಪ್ಪುತ್ತದೆ, ‘ಒಡೆಯುತ್ತದೆ’ ಎಂದರೆ ಕೋಶ ಸತ್ತುಹೋಯಿತೆಂದೇ ಅರ್ಥ. ಇನ್ನೊಂದು, ‘ಮರಿಕೋಶ’. ಕುರಿಗೆ ಮರಿಯಾದ ಮೇಲೂ ತಾಯಿಕುರಿ ದೊಡ್ಡಿಯಲ್ಲೇ ಇರುತ್ತದೆ, ಇಲ್ಲಿ ತಾಯಿಕೋಶ ಉಳಿಯುವುದಿಲ್ಲ. ಆದರೂ ಈ ಪದ ಮಕ್ಕಳ ಬಾಯಲ್ಲಿ ಚೆನ್ನಾಗಿ ಕೂತಿದೆ, ಅದನ್ನು ಕದಲಿಸಲು ನನಗೆ ಮನಸ್ಸಿಲ್ಲ.

ನನ್ನ ಮುಖ್ಯ ಬೇಡಿಕೆ ಒಂದೇ. ಹೊರಗೆ ಚಲನೆ ಕಾಣದೆ ಒಳಗೆ ಕೆಲಸ ಸಾಗುತ್ತಿರುವ ಹೊತ್ತಿಗೆ ನಿಮ್ಮ ನಿಮ್ಮ ಸೀಮೆಯ ಒಕ್ಕಲುತನದಲ್ಲಾಗಲಿ, ನೇಯ್ಗೆಯಲ್ಲಾಗಲಿ, ಅಡುಗೆಯಲ್ಲಾಗಲಿ ಒಂದು ಹೆಸರು ಇದ್ದರೆ ತಿಳಿಸಬೇಕು. ಹಿಟ್ಟು ಹುದುಗು ಬರುವುದಕ್ಕೆ, ಬಿತ್ತಿದ ಬೀಜ ನೆಲದಡಿ ಇರುವ ದಿನಗಳಿಗೆ ಹೇಳುವ ಮಾತಾದರೂ ಸರಿ, ಆದರೆ ಅದರಲ್ಲಿ ನಿದ್ದೆಯಾಗಲಿ ಬಿಡುವಾಗಲಿ ಇರಬಾರದು. ಅಂಥದ್ದು ಸಿಗುವ ತನಕ ನಾನು ‘ಅಂತರಾವಸ್ಥೆ’ ಎಂದೇ ಬೋರ್ಡಿನ ಮೇಲೆ ಬರೆಯುತ್ತೇನೆ.